ತಾಲೀಮಿನಲ್ಲಿ ಹೋದವರು

ಏರ್ ಷೋ ಹತ್ತಿರ ಬಂತೆಂದರೆ ಯಲಹಂಕದ ತಾರಸಿಗಳಿಗೆ ಕಳೆ ಬರುತ್ತದೆ. ಬಟ್ಟೆ ಒಣಹಾಕಲು ಹೋದ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಿಂತೇ ಬಿಡುತ್ತಾಳೆ. ಪರೀಕ್ಷೆಗೆ ಓದಬೇಕಾದ ಹುಡುಗ ಮೆಟ್ಟಿಲು ಹಾರಿ ಮೇಲೆ ಬರುತ್ತಾನೆ. ಅವನನ್ನು ಯಾರೂ ಗದರುವುದಿಲ್ಲ, ಗದರಬೇಕಾದವರೂ ಅಲ್ಲೇ ಇರುತ್ತಾರೆ. ಟಿಕೆಟ್ ಕೊಂಡವರು ನೋಡುವುದು ಪ್ರದರ್ಶನ. ಈ ಬಡಾವಣೆಗಳ ಜನ ದಿನಗಟ್ಟಲೆ ನೋಡುವುದು ಅದರ ತಾಲೀಮು.

2019ರ ಷೋ ನೆನಪಿದೆಯೇ ಎಂದು ಇಲ್ಲಿ ಯಾರನ್ನಾದರೂ ಕೇಳಿ, ಥಟ್ಟನೆ ಉತ್ತರ ಬರುತ್ತದೆ. ಪಾರ್ಕಿಂಗ್ ಜಾಗಕ್ಕೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವಲ್ಲ, ಅದೇ ತಾನೆ? ಹೌದು, ಫೆಬ್ರುವರಿ 23ರಂದು. ಅದಕ್ಕೆ ನಾಲ್ಕು ದಿನ ಮುಂಚೆ ಇದೇ ಆಕಾಶದಲ್ಲಿ ಒಬ್ಬ ಪೈಲಟ್ ಜೀವ ಕಳೆದುಕೊಂಡರು. ಅವರ ಹೆಸರೇನು ಎಂದರೆ ಮಾತು ತಡವರಿಸುತ್ತದೆ. ಕಾರಿನ ಲೆಕ್ಕ ಬಾಯಲ್ಲಿದೆ, ಮನುಷ್ಯನ ಹೆಸರಿಲ್ಲ. ಚುಚ್ಚುವುದು ಅದೇ.

ಅವರು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ, ವಾಯುಪಡೆಯ ಸೂರ್ಯಕಿರಣ ತಂಡದವರು. ಫೆಬ್ರುವರಿ 19ರಂದು, ಉದ್ಘಾಟನೆಗೆ ಒಂದೇ ದಿನ ಇರುವಾಗ, ತಾಲೀಮಿನಲ್ಲಿದ್ದ ಎರಡು ಹಾಕ್ ವಿಮಾನಗಳು ಪರಸ್ಪರ ತಗುಲಿದವು. ಎರಡರಲ್ಲೂ ಸೇರಿ ಮೂವರಿದ್ದರು. ಇಬ್ಬರು ಪ್ಯಾರಾಚೂಟ್‌ನಲ್ಲಿ ಇಳಿದು ಉಳಿದುಕೊಂಡರು. ಸಾಹಿಲ್ ಗಾಂಧಿ ಉಳಿಯಲಿಲ್ಲ. ಅವಶೇಷಗಳು ಇಸ್ರೋ ಬಡಾವಣೆಯ ಬಳಿ ಬಿದ್ದವು. ಮರುದಿನ ಷೋ ಶುರುವಾಯಿತು.

ತಾಲೀಮು ಎಂದರೆ ಹಗುರ ಎಂಬ ಭಾವನೆ ನಮ್ಮಲ್ಲಿದೆ. ನಾಟಕದ ತಾಲೀಮಿನಲ್ಲಿ ಮಾತು ತಪ್ಪಿದರೆ ಮತ್ತೆ ಹೇಳಬಹುದು. ಒಂಬತ್ತು ವಿಮಾನಗಳ ಜೋಡಣೆಯಲ್ಲಿ ಆ ಸೌಕರ್ಯವಿಲ್ಲ. ಒಂದರ ರೆಕ್ಕೆಗೂ ಇನ್ನೊಂದರ ರೆಕ್ಕೆಗೂ ನಡುವೆ ಇರುವುದು ಕೆಲವೇ ಮೀಟರು. ಪಕ್ಕದಲ್ಲಿ ಹಾರುವವನು ದಿಗಂತ ನೋಡಿಕೊಂಡು ಹಾರುವಂತಿಲ್ಲ. ಅವನ ಕಣ್ಣು ನಾಯಕನ ವಿಮಾನದ ಮೇಲೆ ನೆಟ್ಟಿರಬೇಕು, ನಾಯಕ ತಿರುಗಿದರೆ ತಿರುಗಬೇಕು, ಮಗುಚಿದರೆ ಮಗುಚಬೇಕು. ಅದಕ್ಕೇ ಹೊಸಬರು ಮೊದಲು ಎರಡು ವಿಮಾನಗಳ ಜೋಡಿಯಲ್ಲಿ ಕಲಿಯುತ್ತಾರೆ, ಆಮೇಲೆ ಒಂದೊಂದೇ ಸೇರುತ್ತ ಹೋಗುತ್ತದೆ. ಅಪಾಯವೆಲ್ಲ ತಾಲೀಮಿನಲ್ಲೂ ಇದ್ದೇ ಇದೆ. ಇಲ್ಲದಿರುವುದು ಚಪ್ಪಾಳೆ ಮಾತ್ರ.

ಸೂರ್ಯಕಿರಣದ ಮನೆ ಬೀದರ್. ತಂಡ ಹುಟ್ಟಿದ್ದು 1996ರಲ್ಲಿ. 2006ರ ಮಾರ್ಚ್‌ನಲ್ಲಿ ಬೀದರಿನ ಹತ್ತಿರ ಅಭ್ಯಾಸ ನಡೆಸುತ್ತಿದ್ದ ವಿಮಾನ ಬಿದ್ದು ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. 2009ರ ಜನವರಿಯಲ್ಲಿ, ಮತ್ತೆ ಬೀದರಿನಲ್ಲೇ, ವಿಂಗ್ ಕಮಾಂಡರ್ ಆರ್.ಎಸ್. ಧಾಲಿವಾಲ್. ಆಗ ತಂಡ ಹಾರಿಸುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಕಿರಣ್ ವಿಮಾನ. ವಾಯುಪಡೆಯ ಎಷ್ಟೋ ತಲೆಮಾರಿನ ಹುಡುಗರು ಜೆಟ್ ಹಾರಿಸಲು ಕಲಿತದ್ದು ಅದರಲ್ಲೇ.

ಆ ಕಿರಣ್ ವಿಮಾನವನ್ನು 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿ ಮೇಲೇರಿಸಿದವರ ಹೆಸರು ಮಾತ್ರ ಬೆಂಗಳೂರಿಗೆ ಬಾಯಿಪಾಠ. ಆಟೊದವರು ಹೇಳುತ್ತಾರೆ, ಪಾರ್ಸೆಲ್ ಹುಡುಗರು ಹೇಳುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ಶಪಿಸುತ್ತ ಹೇಳುತ್ತಾರೆ: ಸುರಂಜನ್ ದಾಸ್ ರಸ್ತೆ. ಹಳೇ ಮದ್ರಾಸ್ ರಸ್ತೆಯನ್ನು ಹಳೇ ವಿಮಾನ ನಿಲ್ದಾಣದ ರಸ್ತೆಗೆ ಸೇರಿಸುವ ಈ ದಾರಿಯ ದಾಸರು ಪುರಂದರದಾಸರ ಸಾಲಿನವರೇ ಇರಬೇಕೆಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪು ಅವರದಲ್ಲ. ಯಾರೂ ಅವರಿಗೆ ಕಥೆ ಹೇಳಿಲ್ಲ.

ಕಥೆ ದೊಡ್ಡದು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಧಿ ರಂಜನ್ ದಾಸ್ ಅವರ ಮಗ. ಇಂಗ್ಲೆಂಡಿನಲ್ಲಿ ಟೆಸ್ಟ್ ಪೈಲಟ್ ತರಬೇತಿ ಪಡೆದು ಬಂದವರು. 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಮಾರುತ್ ಯುದ್ಧವಿಮಾನದ ಕೆಲಸ ಕೈಗೆತ್ತಿಕೊಂಡರು. ಮೊದಲು ಅದೇ ಆಕಾರದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ನಿಜವಾದ ಮಾರುತ್ ಬೆಂಗಳೂರಿನ ಆಕಾಶಕ್ಕೇರಿತು. ಒಳಗೆ ಕೂತಿದ್ದವರು ಸುರಂಜನ್ ದಾಸ್. ನಮ್ಮ ನೆಲದಲ್ಲಿ ಹುಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು. ಹಾರುತ್ತದೋ ಇಲ್ಲವೋ ಎಂಬುದನ್ನು ತಿಳಿಯಲು ಯಾರಾದರೊಬ್ಬರು ಅದರಲ್ಲಿ ಕೂರಲೇಬೇಕಿತ್ತು.

ಮಾರುತ್ ನೋಡಲು ಚೆಂದ, ಆದರೆ ಎಂಜಿನ್‌ನ ಬಲ ಸಾಲದು. ಅದನ್ನು ಹೆಚ್ಚಿಸಲು ರೀಹೀಟ್ ಅಳವಡಿಸಿದ ಮಾದರಿಯೊಂದು ತಯಾರಾಯಿತು. 1970ರ ಜನವರಿ 10ರಂದು ಸುರಂಜನ್ ದಾಸ್ ಅದನ್ನು ಎಚ್‌ಎಎಲ್ ರನ್‌ವೇಯಿಂದ ಎತ್ತಿದರು. ನೆಲ ಬಿಟ್ಟ ಸ್ವಲ್ಪದರಲ್ಲೇ ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳದ ಚಿಲಕ ಕೈಕೊಟ್ಟಿತು. ವಿಮಾನ ಎತ್ತರ ಗಳಿಸಲಾಗದೆ ಬಿತ್ತು. ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ಕೊಟ್ಟಿತು. ಮರುವರ್ಷದ ಡಿಸೆಂಬರ್‌ನಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಮಾರುತ್‌ಗಳು ಯುದ್ಧ ಮಾಡಿದವು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಒಂದು ಮಾರುತ್ ನಿಂತಿದೆ. ಶಾಲೆಯ ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೂಗಿನ ಹಿಂದೆ ಒಬ್ಬನೇ ಮನುಷ್ಯ ಹಿಡಿಸುವ ಇಕ್ಕಟ್ಟಾದ ಜಾಗ, ಅದರ ಮೇಲೊಂದು ಗಾಜಿನ ಮುಚ್ಚಳ. ಇಷ್ಟು ದೊಡ್ಡ ಯಂತ್ರದಲ್ಲಿ ಒಂದು ಜೀವ ಅಷ್ಟು ಸಣ್ಣ ಚಿಲಕಕ್ಕೆ ಸಿಕ್ಕಿಹೋಯಿತು. ಮಕ್ಕಳನ್ನು ಕರೆದೊಯ್ಯುವ ಮೇಷ್ಟರು ಇದಿಷ್ಟನ್ನು ಹೇಳಬಹುದಲ್ಲ!

ಅದೇ ಎಚ್‌ಎಎಲ್ ರನ್‌ವೇಯ ತುದಿಯಲ್ಲಿ, 2019ರ ಫೆಬ್ರುವರಿ 1ರಂದು, ಮೇಲ್ದರ್ಜೆಗೇರಿಸಿದ ಮಿರಾಜ್ 2000 ವಿಮಾನವನ್ನು ಪರೀಕ್ಷಿಸುತ್ತಿದ್ದ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್, ಸಿದ್ಧಾರ್ಥ ನೇಗಿ ಹೋದರು. ಹತ್ತು ವರ್ಷ ಹಿಂದೆ, 2009ರ ಮಾರ್ಚ್ 6ರಂದು, ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ಸರಸ್ ವಿಮಾನ ಬಿತ್ತು. ಹಾರುವಾಗಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸಿ ನೋಡುವ ಪರೀಕ್ಷೆ ಅದು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ವಾಯುಪಡೆಯವರು. ಪ್ರಯಾಣಿಕರು ಹತ್ತುವ ವಿಮಾನವೊಂದರ ಎಂಜಿನ್ ಅರ್ಧದಾರಿಯಲ್ಲಿ ನಿಂತರೆ ಏನಾಗುತ್ತದೆಂದು ಯಾರೋ ಮೊದಲೇ ನೋಡಿರಬೇಕಾಗುತ್ತದೆ. ಆ ಯಾರೋ ಇವರು.

ಯುದ್ಧದಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸುವ ನಾಡಿದು. ದನ ಕಾಯುತ್ತ ಕಳ್ಳರೊಡನೆ ಕಾದಾಡಿ ಸತ್ತವನಿಗೂ ನಮ್ಮ ಹಳ್ಳಿಗಳು ಕಲ್ಲು ನೆಟ್ಟಿವೆ, ಹೆಸರು ಕೆತ್ತಿಸಿವೆ. ತಾಲೀಮಿನಲ್ಲಿ, ಪರೀಕ್ಷೆಯಲ್ಲಿ ಹೋದವರನ್ನು ಮಾತ್ರ ‘ಅಪಘಾತ’ದ ಸುದ್ದಿಗೆ ಸೇರಿಸಿ ಮರೆಯುವುದು ಅನ್ಯಾಯ. ಸುರಂಜನ್ ದಾಸ್ ರಸ್ತೆಯ ಎರಡೂ ತುದಿಗಳ ಫಲಕಗಳಲ್ಲಿ, ಹೆಸರಿನ ಕೆಳಗೆ, ಅವರು ಯಾರು, ಯಾವಾಗ, ಏನು ಮಾಡುತ್ತ ತೀರಿಕೊಂಡರು ಎಂದು ಕನ್ನಡದಲ್ಲಿ ಎರಡು ಸಾಲು ಬರೆಸಬೇಕು. ಪಾಲಿಕೆಗೆ ಪುರುಸೊತ್ತಿಲ್ಲದಿದ್ದರೆ ಆ ಬಡಾವಣೆಗಳ ನಿವಾಸಿಗಳ ಸಂಘಗಳೇ ಈ ವರ್ಷ ಅದನ್ನು ಮಾಡಿಸಲಿ.