ಮಗಳ ಪಾಳಿ

ನಮ್ಮೂರು ಶಿರಗುಪ್ಪಿ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಸಿಗುವ ಎರೆಭೂಮಿಯ ಊರು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು, 2011ರಲ್ಲಿ ನಿವೃತ್ತನಾಗಿ, ಊರಿನ ಹಳೆಯ ಮನೆಗೆ ಮರಳಿ ಬಂದವನು ನಾನು. ಈಗ ಎಪ್ಪತ್ನಾಲ್ಕು ವರ್ಷ.

ಪಾಳಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೇ ತಿಳಿದಿದ್ದೆ. ನಾನು ಕೆಲಸಕ್ಕೆ ಸೇರಿದಾಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಹಣ ತೆಗೆಯಲು ಬಂದವರಿಂದ ಚೆಕ್ಕು ತೆಗೆದುಕೊಂಡು ಅವರ ಕೈಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಅದರ ಮೇಲೆ ಒಂದು ನಂಬರು. ಲೆಜರ್ ತೆಗೆದು, ಬಾಕಿ ನೋಡಿ, ಸಹಿ ತಾಳೆ ಮಾಡಿ, ಅಧಿಕಾರಿಗಳು ಪಾಸು ಮಾಡಿದ ಮೇಲೆ ಕ್ಯಾಶಿಯರ್ ಆ ನಂಬರು ಕೂಗುತ್ತಿದ್ದರು. ತಡವಾದರೆ ರೈತರು ಕೌಂಟರಿಗೆ ಬಂದು, "ಸಾಹೇಬ್ರ, ನಂದು ಯಾವಾಗ್ರಿ?" ಎಂದು ಕೇಳುತ್ತಿದ್ದರು. ನಾನು ಲೆಜರಿನಿಂದ ತಲೆ ಎತ್ತದೆ, "ಕುಂದರ್ರಿ, ಕರೀತಾರ" ಅನ್ನುತ್ತಿದ್ದೆ. ಎಷ್ಟು ಸಾವಿರ ಸಲ ಹಾಗೆ ಅಂದಿದ್ದೇನೋ ಲೆಕ್ಕವಿಲ್ಲ.

ನನ್ನ ಮಗಳು ಹುಬ್ಬಳ್ಳಿಯಲ್ಲಿ ಎಂ.ಕಾಂ. ಓದಿದಳು. ಅಪ್ಪನ ಬಿ.ಕಾಂ.ಗಿಂತ ಒಂದು ಮೆಟ್ಟಿಲು ಮೇಲೆ. ಬೆಂಗಳೂರಿನಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. 2012ರಲ್ಲಿ, ಅವಳಿಗೆ ಇಪ್ಪತ್ತೇಳು ವರ್ಷವಿದ್ದಾಗ, ಮದುವೆಯಾಯಿತು. ಅಳಿಯಂದಿರು ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.

"ಅಪ್ಪಾ, ನನ್ನ ಕೆಲಸ ಬಿಡೂದಾ?" ಎಂದು ಅವಳು ಕೇಳಿದ್ದಳು.

"ಅಮೆರಿಕಾದಾಗ ಕೆಲಸಕ್ಕೇನು ಬರ ಐತೇನವಾ? ಆರು ತಿಂಗಳದಾಗ ಇದಕ್ಕಿಂತ ಛಲೋದು ಸಿಗ್ತೈತಿ. ರಾಜೀನಾಮೆ ಕೊಟ್ಟು ಹೋಗು" ಎಂದೆ ನಾನು.

ಸಣ್ಣ ಅಕ್ಷರ ಓದದೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು. ಮಗಳ ವೀಸಾದ ಮೇಲೆ ಏನಿದೆ ಎಂದು ಒಮ್ಮೆಯೂ ಓದಿ ನೋಡಲಿಲ್ಲ.

ಅಳಿಯಂದಿರದು ಎಚ್-1ಬಿ ವೀಸಾ. ಕಂಪನಿಯೊಂದು "ಈ ಮನುಷ್ಯ ನಮಗೆ ಬೇಕು" ಎಂದು ಅರ್ಜಿ ಹಾಕಿ ಕರೆಸಿಕೊಳ್ಳುವುದು. ಅಂಥವರ ಹೆಂಡತಿಗೋ ಗಂಡನಿಗೋ ಕೊಡುವುದು ಎಚ್-4. ಆ ವೀಸಾ ಇದ್ದವರು ಅಲ್ಲಿ ವಾಸ ಮಾಡಬಹುದು, ಓದಬಹುದು. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಹಣದ ಲೆಕ್ಕದಲ್ಲಿ ಎಂ.ಕಾಂ. ಮಾಡಿದವಳು ಹಣ ದುಡಿಯುವಂತಿಲ್ಲ! ಅಲ್ಲಿ ದುಡಿಯುವವರಿಗೆಲ್ಲ ಇರುವ ಸೋಷಿಯಲ್ ಸೆಕ್ಯುರಿಟಿ ನಂಬರು ಕೂಡ ಅವಳಿಗೆ ಸಿಗಲಿಲ್ಲ. ನಮ್ಮ ಬ್ಯಾಂಕಿಗೆ ಬಂದ ರೈತನ ಕೈಯಲ್ಲಿ ನಂಬರಿನ ಟೋಕನ್ನಾದರೂ ಇರುತ್ತಿತ್ತು.

ಮೂರು ವರ್ಷ ಅವಳು ಅಡುಗೆ ಮಾಡಿದಳು, ಕಾರು ಕಲಿತಳು, ಗ್ರಂಥಾಲಯದಲ್ಲಿ ಸಂಬಳವಿಲ್ಲದೆ ಪುಸ್ತಕ ಜೋಡಿಸಿದಳು. ಮೊಮ್ಮಗಳು ಹುಟ್ಟಿದಳು. ಫೋನಿನಲ್ಲಿ ಕೇಳಿದರೆ, "ಅರಾಮ ಅದೇನಪಾ" ಅನ್ನುತ್ತಿದ್ದಳು. ಆ ಮಾತನ್ನು ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತು.

2015ರಲ್ಲಿ ಒಂದು ಒಳ್ಳೆಯ ಸುದ್ದಿ ಬಂತು. ಎಚ್-4 ವೀಸಾದಲ್ಲಿರುವ ಕೆಲವು ಗಂಡ-ಹೆಂಡಿರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಆ ವರ್ಷದ ಮೇ 26ರಿಂದ ಜಾರಿಗೆ ಬಂತು. ಐ-765 ಎಂಬ ಫಾರ್ಮ್ ತುಂಬಬೇಕು. ಮಂಜೂರಾದರೆ ಒಂದು ಕಾರ್ಡ್ ಕೊಡುತ್ತಾರೆ. ಅದನ್ನು ಇಎಡಿ ಎನ್ನುತ್ತಾರೆ. ಸುದ್ದಿ ಓದಿದ ಕೂಡಲೇ ಫೋನು ಮಾಡಿದೆ. "ಎಲ್ಲರಿಗೂ ಅಲ್ಲಪಾ" ಎಂದಳು ಮಗಳು. ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ದಾರಿಯಲ್ಲಿ ಗಂಡ ಒಂದು ಹಂತ ಮುಟ್ಟಿರಬೇಕು. ಹೆಚ್ಚಿನವರ ವಿಷಯದಲ್ಲಿ ಅದು ಐ-140 ಎಂಬ ಅರ್ಜಿಯ ಮಂಜೂರಾತಿ. ಆ ಅರ್ಜಿ ಹಾಕುವುದು ಕಂಪನಿಯ ಕೈಯಲ್ಲಿ. ಅಳಿಯಂದಿರ ಕಂಪನಿ ಅದನ್ನು ಇನ್ನೂ ಹಾಕಿಯೇ ಇರಲಿಲ್ಲ. ಅಂದರೆ ನನ್ನ ಮಗಳ ಪಾಳಿ ಗಂಡನ ಪಾಳಿಯ ಬೆನ್ನಿಗಿತ್ತು. ಗಂಡನ ಪಾಳಿ ಕಂಪನಿಯ ಮನಸ್ಸಿನ ಬೆನ್ನಿಗಿತ್ತು.

ಗ್ರೀನ್ ಕಾರ್ಡಿನ ಪಾಳಿ ಯಾಕೆ ಅಷ್ಟು ಉದ್ದ ಎಂಬುದನ್ನು ಮಕ್ಕಳಿಗೆ ತಿಳಿಯುವ ಹಾಗೆ ಹೇಳುತ್ತೇನೆ. ನೂರು ಸೀಟಿನ ಒಂದು ಬಸ್ಸು ಇದೆ ಎಂದುಕೊಳ್ಳಿ. ದಾರಿಯ ಯಾವ ಊರಿಗೂ ಏಳಕ್ಕಿಂತ ಹೆಚ್ಚು ಸೀಟು ಕೊಡುವುದಿಲ್ಲ ಎಂದು ಕಂಡಕ್ಟರ್ ಹೇಳುತ್ತಾನೆ. ಸಣ್ಣ ಊರಿನಲ್ಲಿ ನಿಂತಿರುವವರು ಮೂರೇ ಮಂದಿ. ಅವರು ಬಂದ ದಿನವೇ ಹತ್ತಿ ಹೋಗುತ್ತಾರೆ. ನಮ್ಮೂರಿನಲ್ಲಿ ಸಾವಿರ ಮಂದಿ ನಿಂತಿದ್ದಾರೆ. ಬಸ್ಸು ಬಂದಾಗಲೆಲ್ಲ ಏಳೇ ಜನ ಹತ್ತುತ್ತಾರೆ, ಉಳಿದವರು ನಿಂತೇ ಇರುತ್ತಾರೆ. ಎಲ್ಲೋ ಒಮ್ಮೊಮ್ಮೆ ಸೀಟು ಖಾಲಿ ಉಳಿದರೆ ನಾಲ್ಕು ಜನ ಹೆಚ್ಚಿಗೆ ಹತ್ತಿಯಾರು. ಅಮೆರಿಕ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಗುಮಾಸ್ತನ ಬುದ್ಧಿ ನೋಡಿ, ಪೆನ್ನು ತೆಗೆದು ಗುಣಿಸಿದೆ: 9,800. ಅದರಲ್ಲಿಯೇ ಹೆಂಡತಿ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. 2025ರಲ್ಲಿ ನಮ್ಮ ದೇಶದ ಹೆಚ್ಚಿನ ಎಂಜಿನಿಯರುಗಳ ಪಾಳಿ 2013ರಲ್ಲಿ ಹೆಸರು ಹಚ್ಚಿದವರ ಹತ್ತಿರ ನಿಂತಿತ್ತು.

ಕೊನೆಗೆ 2017ರಲ್ಲಿ ಅಳಿಯಂದಿರ ಐ-140 ಮಂಜೂರಾಯಿತು. 2018ರಲ್ಲಿ ಮಗಳ ಕೈಗೆ ಕಾರ್ಡ್ ಬಂತು. ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ರಾಜೀನಾಮೆ ಕೊಟ್ಟು ಆರು ವರ್ಷವಾಗಿತ್ತು. ನಾನು ಹೇಳಿದ್ದು ಆರು ತಿಂಗಳು. ಮೊದಲ ಪಗಾರದಲ್ಲಿ ಅವಳು ತನ್ನ ಅವ್ವನ ಹೆಸರಿಗೆ ರೊಕ್ಕ ಕಳಿಸಿದಳು. ನನ್ನ ಹೆಸರಿಗೆ ಯಾಕೆ ಕಳಿಸಲಿಲ್ಲ ಎಂದು ಆಗ ನನಗೆ ಸ್ವಲ್ಪ ಬೇಸರವೂ ಆಗಿತ್ತು.

ಆ ಕಾರ್ಡಿಗೆ ಆಯುಷ್ಯ ಬಹಳವಿಲ್ಲ. ಗಂಡನ ವೀಸಾ ಅವಧಿ ಎಲ್ಲಿಯವರೆಗೋ ಅಲ್ಲಿಯವರೆಗೆ, ಹೆಚ್ಚೆಂದರೆ ಮೂರು ವರ್ಷ. ಮುಗಿಯುವುದಕ್ಕೆ ಆರು ತಿಂಗಳಿಗಿಂತ ಮೊದಲು ನವೀಕರಣದ ಅರ್ಜಿ ಹಾಕುವಂತಿಲ್ಲ. 2019ರಿಂದ ಬೆರಳಚ್ಚು ಕೊಡುವ ಹೊಸ ಹಂತ ಸೇರಿತು, ಆಮೇಲೆ ಕೊರೊನಾ ಬಂತು. ಪಾಳಿ ಬೆಳೆಯಿತು. 2021ರಲ್ಲಿ ನನ್ನ ಮಗಳ ಹಳೆಯ ಕಾರ್ಡ್ ಮುಗಿಯಿತು, ಹೊಸದು ಬರಲಿಲ್ಲ. ಕಾರ್ಡ್ ಇಲ್ಲದ ದಿನ ಕಚೇರಿಗೆ ಹೋಗಿ ದುಡಿದರೆ ನಿಯಮಭಂಗ. ಅವಳು ಮತ್ತೆ ಮನೆಯಲ್ಲಿ ಕುಳಿತಳು. ಎರಡು ತಿಂಗಳು ಕಾದ ಕಚೇರಿಯವರು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು.

ಒಂದು ದಿನ ಮುಂಜಾನೆ ಫೋನು ಬಂತು. ಅವಳ ದನಿ ಸಣ್ಣದಾಗಿತ್ತು. ಸಮಾಧಾನ ಮಾಡಬೇಕೆಂದು ನಾನು ಹೇಳಿದೆ: "ಇರ್ಲಿ ಬಿಡವಾ. ಅಳಿಯಂದ್ರ ಪಗಾರ ಐತಲ್ಲ. ಮನ್ಯಾಗ ಅರಾಮ ಕುಂದ್ರು. ಕರೀತಾರ."

ಬಾಯಿಂದ ಬಂದ ಮೇಲೆ ಗೊತ್ತಾಯಿತು, ಅದು ನನ್ನ ಕೌಂಟರಿನ ಮಾತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಾ, ನೀವು ರಿಟೈರ್ ಆದ ಮೊದಲನೇ ತಿಂಗಳು ಏನ್ ಮಾಡಿದ್ರಿ, ನೆನಪೈತೇನು?" ಎಂದಳು.

ನೆನಪಿತ್ತು. ದಿನಾ ಒಂಬತ್ತಕ್ಕೆ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋಗುತ್ತಿದ್ದೆ. ಪಾಸ್‌ಬುಕ್ ಎಂಟ್ರಿ ಮಾಡಿಸುವ ನೆಪ. ಹುಡುಗರು ಚಹಾ ಕೊಟ್ಟು, "ಕುಂದರ್ರಿ ಸರ್" ಅನ್ನುತ್ತಿದ್ದರು. ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಪೆನ್ಶನ್ ಇತ್ತು, ಮನೆ ಇತ್ತು, ಊಟಕ್ಕೆ ಕೊರತೆ ಇರಲಿಲ್ಲ. ಆದರೂ ಎದೆಯಲ್ಲಿ ಏನೋ ಖಾಲಿ. ನಾನು ಅರವತ್ತಕ್ಕೆ ಕಂಡದ್ದನ್ನು ಅವಳು ಇಪ್ಪತ್ತೇಳಕ್ಕೇ ಕಂಡಿದ್ದಳು. ಈಗ ಎರಡನೆಯ ಸಲ ಕಾಣುತ್ತಿದ್ದಳು.

ಫೋನು ಇಟ್ಟೆ. ನನ್ನ ಹೆಂಡತಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. "ಆ ಸರಕಾರದವ್ರಿಗೆ ಕರುಣಾನ ಇಲ್ಲ ನೋಡು. ಕಲ್ತ ಹುಡುಗಿನ್ನ ಸುಮ್ನ ಕುಂದ್ರಿಸ್ಯಾರ" ಎಂದು ಅವಳ ಮುಂದೆ ಬೈದಾಡಿದೆ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಆಕಿಗೆ ಸರಕಾರ ಬ್ಯಾಡ ಅಂತು. ನನಗ ಯಾವ ಸರಕಾರ ಬ್ಯಾಡ ಅಂದಿತ್ರೀ?" ಎಂದಳು.

1984ರ ಮಾತು. ಅವಳಿಗೂ ಆಗ ಇಪ್ಪತ್ತೇಳೇ ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಊರಿನ ಬಾಲವಾಡಿಗೆ ಟೀಚರ್ ಬೇಕಾಗಿದ್ದರು. ಹಿರಿಯರೊಬ್ಬರು ಮನೆಗೆ ಬಂದು, ಅವಳನ್ನೇ ಕಳಿಸಿ ಎಂದು ಕೇಳಿದ್ದರು. ಅವಳು ಅರ್ಜಿಯನ್ನು ತನ್ನ ದುಂಡು ಅಕ್ಷರದಲ್ಲಿ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದಳು. ನಾನು ಓದಿ, "ಬ್ಯಾಂಕಿನ್ಯಾಗ ಇರೋನ ಹೇಣ್ತಿ ನಾಕು ರೂಪಾಯಿಗೆ ಬಾಲವಾಡಿಗೆ ಹೋಗಬೇಕೇನು? ಮಂದಿ ಏನಂದಾರು? ಮುಂದ ನೋಡೂಣು" ಎಂದೆ. ಬೇಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅರ್ಜಿಯನ್ನು ಒಂದು ಲೆಕ್ಕದ ಪುಸ್ತಕದೊಳಗೆ ಇಟ್ಟುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಮರುವರ್ಷ ಮಗಳು ಹುಟ್ಟಿದಳು.

ಮೂವತ್ತೇಳು ವರ್ಷ ಅವಳು ಪಾಳಿಯಲ್ಲಿ ನಿಂತಿದ್ದಳು. ಕೌಂಟರಿನಲ್ಲಿ ಕುಳಿತವನು ನಾನೇ. ಮೊದಲ ಪಗಾರದ ರೊಕ್ಕ ಅವ್ವನ ಹೆಸರಿಗೆ ಯಾಕೆ ಬಂತು ಎಂಬುದು ಅವತ್ತು ತಿಳಿಯಿತು. ಮಗಳಿಗೆ ಈ ಕಥೆ ಮೊದಲೇ ಗೊತ್ತಿತ್ತಂತೆ.

ಅಮೆರಿಕದ ನಿಯಮವನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅದಕ್ಕೊಂದು ವಾದವಿದೆ, ಎದುರುವಾದವಿದೆ. ತಮ್ಮ ಕೆಲಸ ಹೋಯಿತೆಂದು ನೊಂದ ಅಲ್ಲಿನ ಕೆಲವು ಕಂಪ್ಯೂಟರ್ ಉದ್ಯೋಗಿಗಳ ಸಂಘ 2015ರಲ್ಲಿಯೇ ಈ ಪರವಾನಗಿಯ ವಿರುದ್ಧ ಕೋರ್ಟಿಗೆ ಹೋಗಿತ್ತು. ಕೆಲಸ ಕಳೆದುಕೊಂಡವರ ಸಂಕಟವೂ ಸುಳ್ಳಲ್ಲ. ನಡುವೆ ಟ್ರಂಪ್ ಸರಕಾರ ಪರವಾನಗಿಯನ್ನೇ ರದ್ದು ಮಾಡುತ್ತೇವೆ ಎಂದಿತು. 2021ರಲ್ಲಿ ಮುಂದಿನ ಸರಕಾರ ಆ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಂಡಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಪರವಾನಗಿ ಉಳಿದಿದೆ. ಅದೇ ತಿಂಗಳ 30ರಿಂದ ಇನ್ನೊಂದು ಬಾಗಿಲು ಮುಚ್ಚಿತು. ನವೀಕರಣದ ಅರ್ಜಿ ಬಾಕಿ ಇರುವಾಗ ಹಳೆಯ ಕಾರ್ಡಿನ ಮೇಲೆಯೇ ಕೆಲವು ದಿನ ದುಡಿಯಲು ಇದ್ದ ಅವಕಾಶವನ್ನು ಹೊಸ ಅರ್ಜಿಗಳಿಗೆ ನಿಲ್ಲಿಸಿದರು. ಎಲ್ಲ ದೇಶಗಳೂ ಹೀಗಿಲ್ಲ. ಬ್ರಿಟನ್ನಿನಲ್ಲಿ ಕುಶಲ ಕೆಲಸಗಾರರ ಜೊತೆ ಹೋದ ಗಂಡ ಅಥವಾ ಹೆಂಡತಿ ಬೇರೆ ಪರವಾನಗಿ ಇಲ್ಲದೆ ದುಡಿಯಬಹುದು. ಕೆನಡಾ ಮಾತ್ರ 2025ರ ಜನವರಿಯಿಂದ ಇದನ್ನು ಕೆಲವೇ ಉದ್ಯೋಗದವರ ಸಂಗಾತಿಗಳಿಗೆ ಬಿಗಿ ಮಾಡಿತು.

ಒಟ್ಟಿನಲ್ಲಿ ಅಲ್ಲಿ ನಿಯಮಕ್ಕೆ ಒಂದು ತಾರೀಖು ಇದೆ, ಫಾರ್ಮ್ ಇದೆ, ಕೇಳಲು ಕೋರ್ಟ್ ಇದೆ. ನನ್ನ ಮನೆಯ ನಿಯಮಕ್ಕೆ ಇವು ಯಾವುವೂ ಇರಲಿಲ್ಲ. "ಮುಂದ ನೋಡೂಣು" ಎಂಬ ಒಂದೇ ಮಾತು ಸಾಕಾಗಿತ್ತು.

ಮಗಳಿಗೆ ಐದು ತಿಂಗಳ ನಂತರ ಕಾರ್ಡ್ ಬಂತು. ಬೇರೊಂದು ಕಚೇರಿಯಲ್ಲಿ ಕೆಳಗಿನ ಹುದ್ದೆಯಿಂದ ಮತ್ತೆ ಶುರು ಮಾಡಿದಳು. 2024ರಲ್ಲಿ ನವೀಕರಣ ಸಕಾಲಕ್ಕೆ ಆಯಿತು. ಮುಂದಿನದು 2027ಕ್ಕೆ. ಈಗ ನಾನು ಫೋನಿನಲ್ಲಿ "ಅರಾಮ ಅದೀಯೇನು?" ಎಂದು ಕೇಳಿ ಬಿಡುವುದಿಲ್ಲ. "ಇವತ್ತು ಆಫೀಸಿನ್ಯಾಗ ಏನ್ ಕೆಲಸ ಮಾಡಿದಿ?" ಎಂದು ಕೇಳುತ್ತೇನೆ. ಅವಳು ಬ್ಯಾಲೆನ್ಸ್ ಶೀಟಿನ ಗಂಟುಗಳನ್ನು ಹೇಳುತ್ತಾಳೆ. ನನಗೆ ಅರ್ಧ ತಿಳಿಯುತ್ತದೆ. ಸುಖವಾಗುತ್ತದೆ.

ಮಕ್ಕಳೇ, ನಿಮ್ಮ ಅಜ್ಜಿಯನ್ನು ಒಮ್ಮೆ ಕೇಳಿ ನೋಡಿ: "ನಿನಗೆ ಏನು ಕೆಲಸ ಮಾಡಬೇಕೂ ಅಂತ ಆಸೆ ಇತ್ತು?" ಅವರು ನಕ್ಕು "ಏನೂ ಇಲ್ಲ, ಹೋಗು" ಅಂದರೆ, ಇನ್ನೊಮ್ಮೆ ಕೇಳಿ. ನನ್ನ ವಯಸ್ಸಿನ ಅಜ್ಜಂದಿರೇ, ನೀವು ನಿಮ್ಮ ಹಳೆಯ ಲೆಕ್ಕದ ಪುಸ್ತಕಗಳನ್ನು ಒಮ್ಮೆ ಝಾಡಿಸಿ ನೋಡಿ.

ನಾನು ನೋಡಿದೆ. ಅರ್ಜಿ ಸಿಗಲಿಲ್ಲ, ಗೆದ್ದಲು ತಿಂದಿರಬೇಕು. ಅವಳ ಮುಂದೆ ಹೋಗಿ ನಿಂತು, "ತಪ್ಪಾತು" ಎಂದೆ. "ಈಗ ಹೇಳಿದ್ರ ಬಾಲವಾಡಿ ಬರ್ತೈತೇನ್ರಿ?" ಎಂದಳು. ಬರುವುದಿಲ್ಲ. ಹೋದ ವರ್ಷಗಳನ್ನು ಯಾವ ಬ್ಯಾಂಕೂ ಬಡ್ಡಿ ಸಮೇತ ವಾಪಸು ಕೊಡುವುದಿಲ್ಲ.

ಆದರೆ ಮೂರು ವರ್ಷದಿಂದ ನಮ್ಮ ಪಡಸಾಲೆಯಲ್ಲಿ ಸಂಜೆ ಓಣಿಯ ಎಂಟು-ಹತ್ತು ಮಕ್ಕಳು ಕೂಡುತ್ತಾರೆ. ಅವಳು ಮಗ್ಗಿ ಹೇಳಿಸುತ್ತಾಳೆ, ದುಂಡಗೆ ಬರೆಯಲು ಕಲಿಸುತ್ತಾಳೆ. ಆ ಹೊತ್ತಿಗೆ ಚಹಾ ಮಾಡುವುದು ನನ್ನ ಕೆಲಸ. ತಡವಾದರೆ ಪಡಸಾಲೆಯಿಂದ ದನಿ ಬರುತ್ತದೆ: "ಚಾ ಯಾವಾಗ್ರೀ?"

"ತಂದೆ, ತಂದೆ" ಎನ್ನುತ್ತ ಬೇಗ ಬೇಗ ಸೋಸುತ್ತೇನೆ.