ಎಲ್ಲ ನೋವೂ ಗ್ಯಾಸ್ ಅಲ್ಲ

ಬಳ್ಳಾರಿಯಲ್ಲಿ ಸಂಜೆ 5 ಗಂಟೆಯಾದರೆ ಸಾಕು, ಬೀದಿ ಬೀದಿಯಲ್ಲೂ ಒಲೆಯ ಮೇಲೆ ಬಾಣಲೆ ಏರುತ್ತದೆ. ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಬಿಸಿಬಿಸಿ ಮಿರ್ಚಿ. ಎರಡು ಮಿರ್ಚಿ ತಿಂದವರು ಸುಮ್ಮನೆ ಮಲಗುತ್ತಾರೆ. ನಾಲ್ಕು ತಿಂದವರು ರಾತ್ರಿ ಎದೆಯುರಿ ಎಂದು ಕಿರಾಣಿ ಅಂಗಡಿ ಹುಡುಕುತ್ತಾರೆ. ಅಲ್ಲಿ ಶಾಂಪೂ ಪ್ಯಾಕೆಟ್‌ಗಳ ಪಕ್ಕದಲ್ಲೇ ಈನೋ ಪ್ಯಾಕೆಟ್‌ಗಳೂ ತೋರಣದ ಹಾಗೆ ತೂಗಾಡುತ್ತಿರುತ್ತವೆ. ಡಾಕ್ಟರ ಚೀಟಿ ಬೇಡ, ಪ್ರಶ್ನೆ ಇಲ್ಲ.

ಆರನೇ ತರಗತಿ ಓದುವ ನನ್ನ ಮೊಮ್ಮಗಳು ಒಮ್ಮೆ ಕೇಳಿದಳು: "ತಾತ, ಈ ಪುಡಿ ನೀರಿಗೆ ಬಿದ್ದ ಕೂಡಲೇ ಬುಸ್ ಅಂತ ಯಾಕೆ ಉಕ್ಕುತ್ತೆ?" ನಾನು ಓದಿದ್ದು ಬಿ.ಕಾಂ., ವಿಜ್ಞಾನವಲ್ಲ. ಆದರೂ ಅಡುಗೆಮನೆಯಲ್ಲೇ ತೋರಿಸಿದೆ. ಲೋಟದಲ್ಲಿ ಚಿಟಿಕೆ ಅಡುಗೆ ಸೋಡಾ, ಮೇಲೆ ನಿಂಬೆರಸ. ಬುಸ್ ಎಂದು ನೊರೆ ಬಂತು. ಈನೋದಲ್ಲಿರುವುದೂ ಮುಖ್ಯವಾಗಿ ಇವೇ: ಸೋಡಾ ಮತ್ತು ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ. ಎರಡೂ ಒಣಗಿರುವಾಗ ಜಗಳವಿಲ್ಲ. ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ದ್ರಾವಣ ಹೊಟ್ಟೆಯೊಳಗಿನ ಆಮ್ಲವನ್ನು ತಗ್ಗಿಸುತ್ತದೆ. ತೇಗು ಬಂದು ಹಗುರವಾಗುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಔಷಧ ವ್ಯಾಪಾರಿ ಜೇಮ್ಸ್ ಕ್ರಾಸ್ಲಿ ಈನೋ ಮಾರಿದ ಪುಡಿ ಇದು. ಅವರ ಹೆಸರೇ ಪುಡಿಯ ಹೆಸರಾಯಿತು.

ಅತಿಯಾಗಿ ತಿಂದ ಹೊಟ್ಟೆಗೆ ಇದು ಒಳ್ಳೆಯದೇ. ನಮ್ಮ ಅಜ್ಜಿಯರು ಕೊಡುತ್ತಿದ್ದ ಓಂಕಾಳಿನ ಕಷಾಯ, ಇಂಗು ಹಾಕಿದ ಮಜ್ಜಿಗೆಯೂ ಒಳ್ಳೆಯವೇ. ಆದರೆ ನಮ್ಮ ಜನ ಎದೆ, ಹೊಟ್ಟೆ, ಬೆನ್ನು ಎಲ್ಲಿ ನೋವು ಬಂದರೂ ಅದಕ್ಕೆ ಇಡುವ ಹೆಸರು ಒಂದೇ: ಗ್ಯಾಸ್.

1986ರಲ್ಲಿ ನಾನು ಸಿರುಗುಪ್ಪದಲ್ಲಿ ಗುಮಾಸ್ತನಾಗಿದ್ದೆ. ಆಗ ಬ್ಯಾಂಕುಗಳ ವರ್ಷಾಂತ್ಯ ಡಿಸೆಂಬರ್ 31. ಸುಗ್ಗಿಯ ಕಾಲ, ಅಕ್ಕಿ ಗಿರಣಿಯವರ ಹಣ ಎಣಿಸಿ ಎಣಿಸಿ ಕ್ಯಾಷಿಯರ್ ಸುಸ್ತಾಗಿದ್ದರು. ರಾತ್ರಿ ಲೆಡ್ಜರ್ ಕೂಡಿಸುತ್ತಿದ್ದಾಗ ಎದೆ ಹಿಡಿದುಕೊಂಡು, "ಗ್ಯಾಸ್ ಆಗೈತಿ ಬಿಡ್ರಿ, ಸೋಡಾ ಕುಡಿದ್ರ ಹೋಗ್ತೈತಿ" ಎಂದರು. ಸೋಡಾ ಬಂತು, ತೇಗೂ ಬಂತು, ನೋವು ಹೋಗಲಿಲ್ಲ. ಇನ್ನೊಂದು ಸೋಡಾ ತರಲು ಹೇಳಿದಾಗ ನಮ್ಮ ಅಟೆಂಡರ್ ಅಲ್ಲಾಡಲಿಲ್ಲ. "ಸಾರ್, ಈ ಚಳಿಯಾಗ ನಿಮ್ಮ ಅಂಗಿ ತೊಯ್ದೈತಿ. ಗ್ಯಾಸಿಗೆ ಹಿಂಗ ಬೆವರು ಬರಂಗಿಲ್ಲ. ಏಳ್ರಿ ಆಸ್ಪತ್ರಿಗೆ" ಎಂದ. ಅವನೇ ಗಿರಣಿಯೊಂದರ ಜೀಪು ತಂದ. 50 ಕಿ.ಮೀ.ಗೂ ದೂರದ ಬಳ್ಳಾರಿ ಮುಟ್ಟಿದಾಗ ಗೊತ್ತಾಯಿತು, ಅದು ಹೃದಯಾಘಾತ. ಕ್ಯಾಷಿಯರ್ ಬದುಕಿದರು, ನಿವೃತ್ತಿಯ ದಿನ ಮೊದಲ ಹಾರವನ್ನು ಆ ಅಟೆಂಡರ್ ಕೊರಳಿಗೆ ಹಾಕಿದರು.

ಕುರುಗೋಡಿನದು ಬೇರೆ ಕಥೆ. ಅಲ್ಲಿ ದೊಡ್ಡಬಸವೇಶ್ವರ ಜಾತ್ರೆ ಬರುವುದು ಬಿಸಿಲೇರುವ ಹೊತ್ತಿಗೆ. ಒಂದು ವರ್ಷ ಜಾತ್ರೆಯಲ್ಲಿ ಬಣ್ಣದ ಐಸು ತಿಂದ ನನ್ನ ತಂಗಿಯ ಮೊಮ್ಮಗನಿಗೆ ವಾಂತಿ, ಭೇದಿ ಶುರುವಾಯಿತು. ನೆರೆಯವರೊಬ್ಬರು ಗ್ಯಾಸಿನ ಪುಡಿ ತಂದರು. ತಂಗಿ, "ಅವನಿಗೆ ಗ್ಯಾಸ್ ಆಗಿಲ್ಲವ್ವ, ಮೈಯಾಗಿನ ನೀರು ಹೋಗಾಕತ್ತೈತಿ" ಎಂದು ಓಆರ್‌ಎಸ್ ಕದಡಿ, ಚಮಚ ಚಮಚವಾಗಿ ಕುಡಿಸುತ್ತಾ ಕೂತಳು. ಬೆಳಿಗ್ಗೆ ಹುಡುಗ ಎದ್ದು ಅನ್ನ-ಮಜ್ಜಿಗೆ ಕೇಳಿದ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆಯ ಇಂಥದ್ದೇ ನೀರಿನಿಂದ ಬಹಳ ಜನರ ಜೀವ ಉಳಿಸಿದರು. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಮಲದಲ್ಲಿ ರಕ್ತ ಕಂಡರೆ, ಮೂತ್ರ ನಿಂತರೆ, ಮಗು ಮಂಕಾದರೆ ಆಸ್ಪತ್ರೆಗೇ ಹೋಗಬೇಕು.

ನನ್ನಂಥ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಆ ಪುಡಿಯಲ್ಲಿ ಸೋಡಿಯಂ ಇದೆ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಜೆಲುಸಿಲ್‌ನಂಥ ಔಷಧಿಯನ್ನು ಥೈರಾಯ್ಡ್ ಅಥವಾ ಕಬ್ಬಿಣದ ಮಾತ್ರೆಯ ಜೊತೆಗೆ ನುಂಗಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಕೆಲವು ಗಂಟೆ ಬಿಡುವು ಬೇಕು. ಪದೇ ಪದೇ ಪುಡಿ ಬೇಕಾಗುತ್ತಿದ್ದರೆ ಅಂಗಡಿ ದಾರಿ ಬಿಟ್ಟು ದವಾಖಾನೆ ದಾರಿ ಹಿಡಿಯಿರಿ.

ಮಕ್ಕಳೇ, ನೀವು ನಿಮ್ಮಷ್ಟಕ್ಕೇ ಈ ಪುಡಿ ಕುಡಿಯಬೇಡಿ. ನಿಮಗೊಂದು ದೊಡ್ಡ ಕೆಲಸವಿದೆ. ಅಜ್ಜ ಎದೆ ಹಿಡಿದುಕೊಂಡು ಬೆವರುತ್ತಿದ್ದರೆ, ನೋವು ಎಡಗೈಗೋ ದವಡೆಗೋ ಏರುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ಮನೆಯ ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ. ಅಜ್ಜಿಗೆ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಬೆವರು ಬಂದರೂ ಹಾಗೇ ಮಾಡಿ. ಹೃದಯಾಘಾತ ಹಾಗೂ ಬರುತ್ತದೆ. ಆ ಅಟೆಂಡರನಿಗೆ ಜೀಪು ಹುಡುಕಬೇಕಿತ್ತು. ನಮ್ಮ ರಾಜ್ಯಕ್ಕೆ 108 ಬಂದಿದ್ದು 2008ರಲ್ಲಿ. ಈಗ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

"ಬರೀ ಗ್ಯಾಸ್, ಸುಮ್ಮನಿರು" ಎಂದು ಅಜ್ಜ ಗದರಬಹುದು. ಗದರಲಿ, ನೀವು ಫೋನ್ ಮಾಡಿ. ಆಸ್ಪತ್ರೆಯಲ್ಲಿ ಅದು ಗ್ಯಾಸ್ ಎಂದೇ ತಿಳಿದರೆ ಎಲ್ಲರೂ ನಕ್ಕು ಮನೆಗೆ ಬರೋಣ.