ಬಿಸಿಲ ಫಲಕ ಅಗ್ಗವಾಗುವ ಜಾಗ

ಚೀನಾದ ಸಿಚುವಾನ್ ಪ್ರಾಂತ್ಯದ ಲೆಶಾನ್. ಬಂಡೆಯಲ್ಲಿ ಕೆತ್ತಿದ 71 ಮೀಟರ್ ಎತ್ತರದ ಬುದ್ಧನನ್ನು ನೋಡಲು ಜನ ಬರುವ ಊರು. ಆದರೆ ನೀವು ಹೊರಟಿರುವುದು ಬಿಸಿಲ ಫಲಕದ ಕಚ್ಚಾವಸ್ತುವಾದ ಪಾಲಿಸಿಲಿಕಾನ್ ಮಾಡುವ ಕಾರ್ಖಾನೆಗೆ. ಒಳಗೆ ಕಾಲಿಟ್ಟರೆ ಆಳೆತ್ತರ ಮೀರಿದ ಉಕ್ಕಿನ ರಿಯಾಕ್ಟರ್‌ಗಳ ಸಾಲು. ಗಾಜಿನ ಚಿಕ್ಕ ಕಿಂಡಿಗೆ ಕಣ್ಣಿಡಿ: 1,100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸರಳುಗಳು ನಿಗಿನಿಗಿ ಹೊಳೆಯುತ್ತಿವೆ. ಟ್ರೈಕ್ಲೋರೋಸಿಲೇನ್ ಆವಿಯಿಂದ ಬಿಡಿಸಿಕೊಂಡ ಸಿಲಿಕಾನ್ ಅವುಗಳ ಮೇಲೆ ಪದರಪದರವಾಗಿ ಕೂರುತ್ತಿದೆ. ದಿನಗಟ್ಟಲೆ ಹೀಗೇ ನಡೆಯಬೇಕು. ಅಷ್ಟೂ ಹೊತ್ತು ಕರೆಂಟು ಹರಿಯುತ್ತಲೇ ಇರಬೇಕು. ಒಂದು ಕಿಲೋ ಸಿಲಿಕಾನ್‌ಗೆ ಈಗ 60 ಯೂನಿಟ್ ಆಸುಪಾಸು ಸಾಕು. ಹಿಂದೆ 100 ಯೂನಿಟ್ ದಾಟುತ್ತಿತ್ತು.

ಕಾರ್ಖಾನೆ ಇಲ್ಲೇ ಏಕೆ? ಹೊರಗೆ ಬಂದು ನದಿಗಳನ್ನು ನೋಡಿ. ಸಿಚುವಾನ್ ಜಲವಿದ್ಯುತ್ತಿನ ನಾಡು. 2022ರ ಆಗಸ್ಟ್‌ನಲ್ಲಿ ಬರ ಬಂದು ನೀರು ಇಳಿದಾಗ ಇಲ್ಲಿನ ಕಾರ್ಖಾನೆಗಳ ಕರೆಂಟಿಗೂ ಕತ್ತರಿ ಬಿತ್ತು. ಬಿಸಿಲ ಫಲಕದ ದರದ ಮೊದಲ ಅಂಕಿ ಬರೆಯುವುದು ವಿದ್ಯುತ್ ಬಿಲ್ಲು.

ಅಲ್ಲಿಂದ ಉತ್ತರಕ್ಕೆ, ನಿಂಗ್‌ಶಿಯಾದ ಯಿಂಚುವಾನ್‌ಗೆ ಬನ್ನಿ. ಕುಲುಮೆಗಳ ಸಾಲು ಕಣ್ಣು ಹಾಯುವಷ್ಟು ದೂರಕ್ಕೆ ಚಾಚಿದೆ. ಸಿಲಿಕಾನ್ ಕರಗುವುದು 1,414 ಡಿಗ್ರಿಯಲ್ಲಿ. ಆ ದ್ರವಕ್ಕೆ ಬೆರಳಿನಷ್ಟು ಸ್ಫಟಿಕದ ಬೀಜ ತಾಗಿಸಿ, ತಿರುಗಿಸುತ್ತ, ನಿಧಾನವಾಗಿ ಮೇಲಕ್ಕೆ ಎಳೆಯುತ್ತಾರೆ. ಬೀಜದ ಕೆಳಗೆ ಕಂಬ ಬೆಳೆಯುತ್ತದೆ. ಅದರ ಮೈಮೇಲೆ ನಾಲ್ಕು ಏಣುಗಳು ಮೂಡಿರುವುದನ್ನು ಗಮನಿಸಿ. ಏಣು ಅಳಿಸಿತೆಂದರೆ ಸ್ಫಟಿಕದ ಜೋಡಣೆ ಕೆಟ್ಟಿದೆ, ಮತ್ತೆ ಕರಗಿಸಬೇಕು. ಮೊದಲೆಲ್ಲ ಒಂದು ಕಂಬ ಎಳೆದ ಮೇಲೆ ಕುಲುಮೆ ಆರಿಸುತ್ತಿದ್ದರು. ಸಿಲಿಕಾನ್ ಕರಗುವ ಸ್ಫಟಿಕಶಿಲೆಯ ಮೂಸೆ ತಣಿದಾಗ ಒಡೆದು ಹೋಗುತ್ತಿತ್ತು. ಈಗ ಬಿಸಿ ಆರುವ ಮೊದಲೇ ಹೊಸ ಸಿಲಿಕಾನ್ ಸುರಿದು, ಅದೇ ಮೂಸೆಯಿಂದ ಒಂದರ ಹಿಂದೊಂದು ಕಂಬ ತೆಗೆಯುತ್ತಾರೆ. ಮೂಸೆಯ ಖರ್ಚು, ಕಾಯಿಸುವ ಖರ್ಚು, ಕಾಯುವ ಹೊತ್ತು ಮೂರೂ ಇಳಿದವು.

ಮುಂದಿನ ಕೋಣೆಯಲ್ಲಿ ನೀರು ಚಿಮ್ಮುವ ಸದ್ದು. ವಜ್ರದ ಕಣ ಅಂಟಿಸಿದ, ಕೂದಲಿಗಿಂತ ತೆಳುವಾದ ತಂತಿ ಸಾವಿರಾರು ಸುತ್ತು ಹರಿಯುತ್ತ ಕಂಬವನ್ನು ಸೀಳುತ್ತಿದೆ. ಹೀಗೆ ಸೀಳಿದ ಒಂದು ಬಿಲ್ಲೆಯ ದಪ್ಪ ಸುಮಾರು 130 ಮೈಕ್ರಾನ್. ಇಪ್ಪತ್ತು ವರ್ಷದ ಹಿಂದೆ ಅದರ ಎರಡರಷ್ಟು ಇತ್ತು. ತಂತಿ ತೆಳುವಾದಷ್ಟೂ ಪುಡಿಯಾಗಿ ಹೋಗುವ ಸಿಲಿಕಾನ್ ಕಡಿಮೆ. ಒಂದು ವ್ಯಾಟ್‌ಗೆ 2004ರಲ್ಲಿ 16 ಗ್ರಾಂ ಸಿಲಿಕಾನ್ ಬೇಕಿತ್ತು, ಈಗ ಸುಮಾರು 2 ಗ್ರಾಂ. ನೀವು ನೋಡುತ್ತಿರುವುದು ಬೆಲೆ ಇಳಿಯುವ ಕ್ರಿಯೆಯನ್ನೇ.

ಪೂರ್ವದ ಜಿಯಾಂಗ್ಸುವಿಗೆ ಹೋದರೆ ಬಿಲ್ಲೆಯ ಮೇಲೆ ಬೆಳ್ಳಿಯ ಗೆರೆ ಅಚ್ಚಾಗುತ್ತಿರುತ್ತದೆ. ಬೆಳ್ಳಿ ದುಬಾರಿ, ಆದ್ದರಿಂದ ಗೆರೆ ವರ್ಷವರ್ಷವೂ ಸಣ್ಣದಾಗುತ್ತಿದೆ. ಗಾಜು, ಅಲ್ಯೂಮಿನಿಯಂ ಚೌಕಟ್ಟು, ಅಂಟಿನ ಹಾಳೆ ಮಾಡುವವರೆಲ್ಲ ಹತ್ತಿರದಲ್ಲೇ ಇದ್ದಾರೆ. ಒಂದು ಕಾಲಕ್ಕೆ ಯುರೋಪಿನಿಂದ ತರಿಸುತ್ತಿದ್ದ ಯಂತ್ರಗಳನ್ನು ಮಾಡುವವರೂ ಈಗ ಚೀನಾದಲ್ಲೇ ಇದ್ದಾರೆ. ಯಂತ್ರ ಕೆಟ್ಟರೆ ಅದನ್ನು ಕಟ್ಟಿದವನೇ ಬಂದು ನಿಲ್ಲುತ್ತಾನೆ. ಕಂಡ ತಪ್ಪು ಮುಂದಿನ ಯಂತ್ರದಲ್ಲಿ ತಿದ್ದಿಯಾಗಿರುತ್ತದೆ.

ಈ ಕಲಿಕೆಗೆ ಒಂದು ಅಳತೆಯಿದೆ: ಜಗತ್ತು ಅದುವರೆಗೆ ಮಾಡಿದ ಫಲಕಗಳ ಒಟ್ಟು ಮೊತ್ತ ಇಮ್ಮಡಿಯಾದಾಗಲೆಲ್ಲ ಬೆಲೆ ಸುಮಾರು ಶೇ 20ರಷ್ಟು ಇಳಿದಿದೆ. 2019ರ ಡಾಲರ್ ಲೆಕ್ಕದಲ್ಲಿ ಹೇಳುವುದಾದರೆ, 1976ರಲ್ಲಿ ವ್ಯಾಟ್‌ಗೆ 106 ಡಾಲರ್ ಇದ್ದದ್ದು 2019ರಲ್ಲಿ 38 ಸೆಂಟ್‌ಗೆ ಬಂತು. 2000ದಲ್ಲಿ ಜರ್ಮನಿ ಬಿಸಿಲ ಕರೆಂಟಿಗೆ ಖಾತರಿ ದರ ಕೊಡುವ ಕಾನೂನು ತಂದು ಕೊಳ್ಳುವವರನ್ನು ಸೃಷ್ಟಿಸಿತು. ಚೀನಾ ಮಾಡುವವರನ್ನು ಬೆಳೆಸಿತು. ಅಗ್ಗಕ್ಕೆ ಕರಾಳ ಮುಖವೂ ಇದೆ. ಚೀನಾದ ಶಿನ್‌ಜಿಯಾಂಗ್‌ನ ಸಿಲಿಕಾನ್ ಹೆಚ್ಚಾಗಿ ಕಲ್ಲಿದ್ದಲಿನ ಕರೆಂಟಿನಲ್ಲಿ ತಯಾರಾಗುತ್ತದೆ. ಅಲ್ಲಿ ಬಲವಂತದ ದುಡಿಮೆ ನಡೆದಿದೆಯೆಂದು ಅಮೆರಿಕ 2022ರಿಂದ ಆ ಸರಕನ್ನು ತಡೆಯುತ್ತಿದೆ. ಬೇಡಿಕೆ ಮೀರಿ ಕಾರ್ಖಾನೆ ಕಟ್ಟಿದ ದೊಡ್ಡ ಚೀನೀ ಕಂಪನಿಗಳೇ 2024ರಲ್ಲಿ ನಷ್ಟ ಹೊತ್ತವು.

ಈಗ ತುಮಕೂರು ಜಿಲ್ಲೆಯ ಪಾವಗಡದ ಬಿಸಿಲಿಗೆ ಬನ್ನಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಬಿಸಿಲ ಫಲಕಗಳು. ಇಂಥ ಬಯಲು ತುಂಬಿಸುವುದು ನಮಗೆ ಚೆನ್ನಾಗಿ ಗೊತ್ತು. 2022ರ ಏಪ್ರಿಲ್‌ನಲ್ಲಿ ಹೊರಗಿನ ಫಲಕಗಳ ಮೇಲೆ ಶೇ 40 ಸುಂಕ ಬಿದ್ದ ಮೇಲೆ ದೇಶದಲ್ಲಿ ಫಲಕ ಜೋಡಿಸುವ ಕಾರ್ಖಾನೆಗಳೂ ಭರದಿಂದ ಬೆಳೆದಿವೆ. ಆದರೆ ಸಿಲಿಕಾನ್ ಬೆಳೆಸುವ, ಸೀಳುವ ಕೆಲಸ ನಮ್ಮಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಸುಂಕದ ಗೋಡೆ ಕೊಡುವುದು ಸಮಯವನ್ನು ಮಾತ್ರ. ಮೂಸೆಯ ಮುಂದೆ ನಿಂತು ಏಣು ಅಳಿಸದಂತೆ ಕಂಬ ಎಳೆಯುವ ಕೈಗಳನ್ನು ಅದು ಕೊಡಲಾರದು. ಕುಲುಮೆಗಳಿಗೆ ನಂಬಿಕಸ್ತ ಅಗ್ಗದ ಕರೆಂಟು, ಯಂತ್ರ ಕಟ್ಟುವವರಿಗೆ ಪಕ್ಕದಲ್ಲೇ ಜಾಗ, ಮೊದಲ ವರ್ಷಗಳ ದುಬಾರಿ ಸರಕನ್ನೂ ಕೊಳ್ಳುವ ಸರ್ಕಾರ: ಈ ಮೂರನ್ನು ಒಟ್ಟಿಗೆ ಕೊಟ್ಟರೆ ಆ ಕೈಗಳು ಇಲ್ಲಿಯೂ ಪಳಗುತ್ತವೆ. ಸುಂಕ ಕೊಟ್ಟ ಸಮಯವನ್ನು ಇದಕ್ಕೆ ಬಳಸಬೇಕು, ಈಗಲೇ.